ಡೀಸೆಲ್ ಇಳಿಸಿ ಮೋಟಾರ್ ಕೂರಿಸಿದ ಹಾಯಿದೋಣಿ: ತೊಂದರೆ ಎಲ್ಲಿದೆ ಅಂತ ಹುಡುಕುವ ಬಗೆ

ನನ್ನ ಹಾಯಿದೋಣಿಯಿಂದ ಡೀಸೆಲ್ ಎಂಜಿನ್ ಇಳಿಸಿ ವಿದ್ಯುತ್ ಮೋಟಾರ್ ಕೂರಿಸಿದ ಮೊದಲ ವರ್ಷ ತಲೆನೋವು ಸಾಕಷ್ಟು ಬಂತು. ಅದರಲ್ಲಿ ಮೋಟಾರಿನ ತಪ್ಪು ಒಂದೂ ಇರಲಿಲ್ಲ. ನಟ್ಟು, ಬೆಲ್ಟು, ಸೀಲು, ಮೂಲೆಯಲ್ಲಿದ್ದ ಹಳೇ 12 ವೋಲ್ಟ್ ಬ್ಯಾಟರಿ, ಎಲ್ಲಾ ಇಂಥವೇ.

ಡೀಸೆಲ್ ಎಂಜಿನ್ ದೋಣಿ ಓಡಿಸುವುದರ ಜೊತೆಗೆ ಇನ್ನೂ ಹತ್ತು ಕೆಲಸ ಸದ್ದಿಲ್ಲದೆ ಮಾಡುತ್ತಿತ್ತು. ದೀಪದ ಬ್ಯಾಟರಿ ತುಂಬಿಸುತ್ತಿತ್ತು, ಪ್ರೊಪೆಲ್ಲರಿನ ಶಾಫ್ಟ್ ಹೊರಹೋಗುವ ಕಡೆ ನೀರು ಒಳನುಗ್ಗದಂತೆ ತಡೆಯುವ ಸೀಲಿಗೆ ತಂಪುನೀರು ಕೊಡುತ್ತಿತ್ತು, ಪ್ರೊಪೆಲ್ಲರ್ ತಳ್ಳುವ ಬಲವನ್ನು ಅದರ ಗೇರ್‌ಬಾಕ್ಸ್ ತಡೆದುಕೊಳ್ಳುತ್ತಿತ್ತು. ಜೊತೆಗೆ ಅದರ ಗದ್ದಲದಲ್ಲಿ ಬೇರೆ ಸದ್ದುಗಳೆಲ್ಲ ಮುಚ್ಚಿಹೋಗುತ್ತಿದ್ದವು. ಹಾಗಾಗಿ ಏನಾದರೂ ಕೈಕೊಟ್ಟಾಗ, ಎಂಜಿನ್ ಜೊತೆ ಇನ್ನೇನು ಹೊರಗೆ ಹೋಯಿತು ಅಂತ ಒಮ್ಮೆ ಕೇಳಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇಲ್ಲಿ ಬರೆದಿರುವುದು 48 ವೋಲ್ಟ್ ವ್ಯವಸ್ಥೆಗೆ: ಸಾಲಾಗಿ 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು, ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದ ಹಾಗೆ ಕೊಡುವ ಕಂಟ್ರೋಲರ್, ಮೂರು ಫೇಸ್‌ನ ಮೋಟಾರ್, ಹಳೇ ಶಾಫ್ಟ್. ಲೆಡ್ ಆಸಿಡ್ ಬ್ಯಾಟರಿ ಇದ್ದರೆ ವೋಲ್ಟೇಜ್ ಅಂಕಿಗಳು ಬೇರೆ, ಹುಡುಕುವ ದಾರಿ ಅದೇ.

ಸ್ಪ್ಯಾನರ್ ಹಿಡಿಯುವ ಮುಂಚೆ

16 ಸೆಲ್‌ಗಳ ಬ್ಯಾಟರಿ ಚಾರ್ಜ್ ಮಾಡಿ ಪೂರ್ತಿ ತುಂಬುವ ಹೊತ್ತಿಗೆ 58.4 ವೋಲ್ಟ್ ತೋರಿಸುತ್ತದೆ. ಒಣ ಕೈಗೆ ಇದರಿಂದ ಶಾಕ್ ಹೊಡೆಯುವುದು ಅಪರೂಪ. ಆ ಧೈರ್ಯದಲ್ಲೇ ಜನ ಎಡವುತ್ತಾರೆ. ಇಲ್ಲಿ ಅಪಾಯ ಇರುವುದು ಆಂಪ್‌ನಲ್ಲಿ. ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಸ್ಪ್ಯಾನರ್ ಬಿದ್ದರೆ ಸಾವಿರಾರು ಆಂಪ್ ಹರಿದು ಸ್ಪ್ಯಾನರ್ ಅಲ್ಲೇ ಬೆಸೆದುಕೊಳ್ಳುತ್ತದೆ. ಡಿಸಿ ಕಿಡಿ ಎಸಿ ಥರ ತಾನಾಗಿ ಆರುವುದೂ ಇಲ್ಲ. ಉಂಗುರ, ವಾಚು ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ. ಕಣ್ಣಿಗೆ ಕನ್ನಡಕ ಇರಲಿ.

ಇನ್ನೆರಡು ಮಾತು. ಮುಖ್ಯ ಸ್ವಿಚ್ ಆಫ್ ಮಾಡಿದ ಮೇಲೂ ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳಲ್ಲಿ ವೋಲ್ಟೇಜ್ ಉಳಿದಿರುತ್ತದೆ. ಮೀಟರ್ ಇಟ್ಟು ನೋಡಿ, ಇಳಿಯುವ ತನಕ ಮುಟ್ಟಬೇಡಿ. ಎರಡನೆಯದು ಬಹಳ ಜನಕ್ಕೆ ಹೊಳೆಯುವುದಿಲ್ಲ: ದೋಣಿ ಹರಿವ ನೀರಿನಲ್ಲಿ ನಿಂತಿದ್ದರೆ ಪ್ರೊಪೆಲ್ಲರ್ ತಿರುಗುತ್ತದೆ, ಮ್ಯಾಗ್ನೆಟ್ ಇರುವ ಮೋಟಾರ್ ಆಗ ಜನರೇಟರ್ ಆಗುತ್ತದೆ. ಬ್ಯಾಟರಿ ಬಿಚ್ಚಿಟ್ಟಿದ್ದರೂ ಫೇಸ್ ತಂತಿಗಳಲ್ಲಿ ವೋಲ್ಟೇಜ್ ಇರಬಹುದು. ಶಾಫ್ಟ್ ತಿರುಗದ ಹಾಗೆ ಕಟ್ಟಿ, ಆಮೇಲೆ ಕೈ ಹಾಕಿ.

ಬ್ಯಾಟರಿ ಉಬ್ಬಿದ್ದರೆ, ಸಿಹಿಯಾದ ಅಥವಾ ಘಾಟು ವಾಸನೆ ಬಂದರೆ, ಹೊಗೆ ಕಂಡರೆ ಹುಡುಕಾಟ ಅಲ್ಲಿಗೆ ಬಿಡಿ. ಸ್ವಿಚ್ ಕೈಗೆಟುಕಿದರೆ ಆಫ್ ಮಾಡಿ, ಎಲ್ಲರನ್ನೂ ದೋಣಿಯಿಂದ ಇಳಿಸಿ, ಸಹಾಯಕ್ಕೆ ಕರೆಯಿರಿ.

ಕೀ ತಿರುಗಿಸಿದರೂ ಏನೂ ಆಗುತ್ತಿಲ್ಲ

ದುಡ್ಡು ಖರ್ಚಿಲ್ಲದ ನಾಲ್ಕು ಪ್ರಶ್ನೆ ಮೊದಲು. ದಡದ ಚಾರ್ಜರ್ ಪ್ಲಗ್ ಇನ್ನೂ ಚುಚ್ಚಿದೆಯಾ? ಚಾರ್ಜ್ ಆಗುವಾಗ ಓಡದ ಹಾಗೆ ಬಹಳ ಕಡೆ ತಡೆ ಇಟ್ಟಿರುತ್ತಾರೆ. ತುರ್ತು ನಿಲುಗಡೆಯ ಗುಂಡಿ ಒಳಗೆ ಒತ್ತಿಕೊಂಡಿದೆಯಾ? ಥ್ರಾಟಲ್ ಸರಿಯಾಗಿ ನ್ಯೂಟ್ರಲ್‌ನಲ್ಲಿದೆಯಾ? ಕೂದಲೆಳೆಯಷ್ಟು ಮುಂದಿದ್ದರೂ ಕಂಟ್ರೋಲರ್ ಹಟ ಹಿಡಿದು ಕೂರುತ್ತದೆ. ಅದು ದೋಷ ಅಲ್ಲ, ಕೀ ತಿರುಗಿಸಿದ ಕೂಡಲೇ ದೋಣಿ ನೆಗೆಯಬಾರದು ಅಂತ ಮಾಡಿದ ವ್ಯವಸ್ಥೆ. ನಾಲ್ಕನೆಯದು, 12 ವೋಲ್ಟ್ ಬ್ಯಾಟರಿ ಜೀವಂತ ಇದೆಯಾ? ಕೆಲವು ದೋಣಿಗಳಲ್ಲಿ ಕೀ ಮತ್ತು ಕಾಂಟ್ಯಾಕ್ಟರ್ (ಕೀ ತಿರುಗಿಸಿದಾಗ ಮುಖ್ಯ ಕರೆಂಟನ್ನು ಕೂಡಿಸುವ ದೊಡ್ಡ ರಿಲೇ) ಸುರುಳಿಗೆ ಕರೆಂಟ್ ಬರುವುದು ಅಲ್ಲಿಂದಲೇ. ದೊಡ್ಡ ಬ್ಯಾಟರಿ ಪೂರ್ತಿ ತುಂಬಿದ್ದರೂ ಚಿಕ್ಕದು ಸತ್ತರೆ ಮೋಟಾರ್ ಏಳುವುದಿಲ್ಲ.

ಇಷ್ಟೂ ಸರಿ ಇದ್ದರೆ ಮೀಟರ್ ತೆಗೆಯಿರಿ. ಬ್ಯಾಟರಿಯಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಮುಂದೆ ಹೋಗಿ: ಬ್ಯಾಟರಿಯ ತುದಿ, ಫ್ಯೂಸ್‌ನ ಈಚೆ, ಆಚೆ, ಸ್ವಿಚ್‌ನ ಈಚೆ, ಆಚೆ, ಕಾಂಟ್ಯಾಕ್ಟರ್. ವೋಲ್ಟೇಜ್ ಎಲ್ಲಿ ಮಾಯವಾಯಿತೋ ಅದರ ಹಿಂದಿನ ತುಂಡಿನಲ್ಲೇ ತೊಂದರೆ. ಬ್ಯಾಟರಿಯ ತುದಿಯಲ್ಲೇ ಸೊನ್ನೆ ಬಂದರೆ ಬಿಎಂಎಸ್ (ಬ್ಯಾಟರಿಯ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) ಬಾಗಿಲು ಮುಚ್ಚಿದೆ ಅಂತ ಅರ್ಥ. ಅದರ ಆ್ಯಪ್ ತೆರೆದು ಕಾರಣ ಓದಿ. ಕಾರಣ ಓದದೆ ಸುಮ್ನೆ ರೀಸೆಟ್ ಒತ್ತುತ್ತಾ ಕೂರಬೇಡಿ.

ಫ್ಯೂಸ್ ಹೋಗಿದ್ದರೆ ಹೊಸದು ಹಾಕುವ ಮುಂಚೆ ಯಾಕೆ ಹೋಯಿತು ಅಂತ ಗೊತ್ತಾಗಲೇಬೇಕು. ಹಾಕುವುದಾದರೂ ಅದೇ ಜಾತಿಯದು ಹಾಕಿ. ಲಿಥಿಯಂ ಬ್ಯಾಟರಿಗೆ ಕ್ಲಾಸ್ ಟಿ ಫ್ಯೂಸ್ ಇಡುವುದಕ್ಕೆ ಕಾರಣ ಇದೆ. ಅಷ್ಟು ದೊಡ್ಡ ಕರೆಂಟನ್ನು ನಿಲ್ಲಿಸುವ ತಾಕತ್ತು ಕಾರಿನ ಫ್ಯೂಸಿಗಿಲ್ಲ.

ಕ್ಲಿಕ್ ಅಂತ ಸದ್ದು ಬಂತು, ಆದರೆ ಶಾಫ್ಟ್ ನಡುಗುತ್ತದೆ ಅಥವಾ ತಿರುಗುವುದೇ ಇಲ್ಲ

ಸ್ವಿಚ್ ಆಫ್ ಮಾಡಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ. ಸ್ವಲ್ಪ ಬಿಗಿ, ಮ್ಯಾಗ್ನೆಟ್‌ನ ಸಣ್ಣ ಜಗ್ಗಾಟ ಇರುತ್ತದೆ, ಅದು ಸಹಜ. ಜಪ್ಪಯ್ಯ ಅಂದರೂ ತಿರುಗದಿದ್ದರೆ ನೀರಿನಡಿ ನೋಡಬೇಕು. ಹಗ್ಗ, ಬಲೆ, ಪ್ಲಾಸ್ಟಿಕ್ ಚೀಲ, ಇವೇ ಮಾಮೂಲಿ ಕಳ್ಳರು. ಹಗ್ಗ ಸಿಕ್ಕಿದಾಗ ಡೀಸೆಲ್ ಎಂಜಿನ್ ಕೆಮ್ಮಿ ನಿಂತು ಹೇಳುತ್ತಿತ್ತು. ಮೋಟಾರ್ ಹೇಳುವುದಿಲ್ಲ, ನಿಂತಲ್ಲೇ ಪೂರ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ನೀರಿಗೆ ಇಳಿಯುವ ಮುಂಚೆ ಮುಖ್ಯ ಸ್ವಿಚ್ ಆಫ್ ಮಾಡಿ, ಕೀ ಜೇಬಿನಲ್ಲಿಟ್ಟುಕೊಳ್ಳಿ. ದಡದ ಕರೆಂಟ್ ತಂತಿಗಳಿರುವ ಧಕ್ಕೆಯ ಪಕ್ಕದ ನೀರಿಗೆ ಇಳಿಯಲೇಬೇಡಿ. ನೀರಿಗೆ ಸೋರಿದ ಎಸಿ ಕರೆಂಟ್ ಕಣ್ಣಿಗೆ ಕಾಣುವುದಿಲ್ಲ, ಈಜುವವರನ್ನು ಕೊಲ್ಲುತ್ತದೆ.

ಕೈಗೆ ಸಲೀಸಾಗಿ ತಿರುಗಿ, ಕರೆಂಟ್ ಕೊಟ್ಟಾಗ ಮಾತ್ರ ಗರಗರ ನಡುಗಿದರೆ ಸೆನ್ಸರ್ ಪ್ಲಗ್ ನೋಡಿ. ಮೋಟಾರ್ ಎಲ್ಲಿ ನಿಂತಿದೆ ಅಂತ ಕಂಟ್ರೋಲರಿಗೆ ಹೇಳುವ ಸಣ್ಣ ತಂತಿಗಳವು. ಉಪ್ಪು ಗಾಳಿಗೆ ಆ ಪಿನ್ನುಗಳು ಹಸಿರು ಹಿಡಿಯುತ್ತವೆ. ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಮತ್ತೆ ಹಾಕಿ. ಮೋಟಾರನ್ನು ಈಗಷ್ಟೇ ಬಿಚ್ಚಿ ಜೋಡಿಸಿದ್ದರೆ ಮೂರು ಫೇಸ್ ತಂತಿಗಳು ಅದಲುಬದಲಾಗಿರಬಹುದು. ಜೋಡಿಸುವ ಮುಂಚೆ ಫೋಟೊ ತೆಗೆದಿಟ್ಟವರು ಇಲ್ಲಿ ಗೆದ್ದರು.

ಕೀ ಆಫ್ ಮಾಡಿ ಹತ್ತು ನಿಮಿಷವಾದರೂ ಕಂಟ್ರೋಲರಿನಲ್ಲಿ ಪೂರ್ತಿ ಬ್ಯಾಟರಿ ವೋಲ್ಟೇಜ್ ಹಾಗೇ ಇದೆಯಾ? ಕಾಂಟ್ಯಾಕ್ಟರ್ ಒಳಗೆ ಬೆಸೆದುಕೊಂಡಿರುವ ಸಾಧ್ಯತೆ ಜಾಸ್ತಿ. ಕೆಪಾಸಿಟರನ್ನು ಮೆಲ್ಲಗೆ ತುಂಬಿಸುವ ಪ್ರೀಚಾರ್ಜ್ ರೆಸಿಸ್ಟರ್ ಕೆಟ್ಟಾಗ ಹೀಗಾಗುತ್ತದೆ. ಎರಡನ್ನೂ ಬದಲಿಸಿ. ಬರೀ ಕಾಂಟ್ಯಾಕ್ಟರ್ ಬದಲಿಸಿದರೆ ಹೊಸದೂ ಅದೇ ಗತಿ ಕಾಣುತ್ತದೆ.

ನಿಧಾನಕ್ಕೆ ಓಡುತ್ತದೆ, ಜೋರು ಮಾಡಿದರೆ ಆಫ್ ಆಗುತ್ತದೆ

ನಾನು ಅತಿ ಹೆಚ್ಚು ಕೇಳಿರುವ ದೂರು ಇದು. ಅತಿ ಹೆಚ್ಚು ತಪ್ಪು ಪಾರ್ಟ್ ಬದಲಾಗುವುದೂ ಇಲ್ಲೇ. ಬ್ಯಾಟರಿ ಹೋಗಿದೆ ಅನ್ನುತ್ತಾರೆ, ಕಂಟ್ರೋಲರ್ ಹೋಗಿದೆ ಅನ್ನುತ್ತಾರೆ. ಮೊದಲು ನಟ್ಟು ನೋಡಿ.

ಲೆಕ್ಕ ಸುಲಭ. ಒಂದು ಜೋಡಣೆಯಲ್ಲಿ 1 ಮಿಲಿಓಮ್ ತಡೆ ಇದೆ ಅನ್ನಿ. 10 ಆಂಪ್‌ಗೆ ಅಲ್ಲಿ ಹುಟ್ಟುವ ಬಿಸಿ 0.1 ವ್ಯಾಟ್, ಗೊತ್ತೇ ಆಗುವುದಿಲ್ಲ. 200 ಆಂಪ್‌ಗೆ 40 ವ್ಯಾಟ್. ಒಂದು ಸೋಲ್ಡರಿಂಗ್ ಕಡ್ಡಿಯನ್ನೇ ಆ ನಟ್ಟಿನ ಮೇಲೆ ಇಟ್ಟ ಹಾಗೆ. ಅದಕ್ಕೇ ದೋಣಿ ಸುಮ್ನೆ ನಿಂತಿದ್ದಾಗ ಮೀಟರ್ ಹಿಡಿದರೆ ಎಲ್ಲಾ ಚೆನ್ನಾಗಿದೆ ಅಂತಲೇ ತೋರಿಸುತ್ತದೆ. ಹೊರೆ ಬಿದ್ದಾಗ ಅಳೆಯಬೇಕು.

ಹೀಗೆ ಮಾಡಿ. ದೋಣಿಯನ್ನು ಧಕ್ಕೆಗೆ ನಾಲ್ಕೂ ಕಡೆ ಗಟ್ಟಿಯಾಗಿ ಕಟ್ಟಿ. ಒಬ್ಬರು ಥ್ರಾಟಲ್ ಹತ್ತಿರ ನಿಂತು 100 ಆಂಪ್ ಹತ್ತಿರಕ್ಕೆ ಏರಿಸಲಿ. ಇನ್ನೊಬ್ಬರು ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಬ್ಯಾಟರಿಯ ಕಂಬದ ಮೇಲೆ, ಇನ್ನೊಂದು ಅದಕ್ಕೆ ಕೂತ, ತಂತಿಯ ತುದಿಯ ಲೋಹದ ಬಳೆಯಾದ ಲಗ್‌ನ ಮೇಲೆ ಇಡಿ. ಒಳ್ಳೇ ಜೋಡಣೆ ಕೆಲವೇ ಮಿಲಿವೋಲ್ಟ್ ತೋರಿಸುತ್ತದೆ. ಹೀಗೆ ಪ್ರತಿ ಜೋಡಣೆಯನ್ನೂ ಅಳೆದು ಚೀಟಿಯಲ್ಲಿ ಬರೆಯುತ್ತಾ ಹೋಗಿ. ಫ್ಯೂಸಿಗೆ ತನ್ನದೇ ಸ್ವಲ್ಪ ತಡೆ ಇರುತ್ತದೆ, ಅದಕ್ಕೆ ಹೆದರಬೇಡಿ. ಉಳಿದವರ ಸಾಲಿನಲ್ಲಿ ಒಬ್ಬ ಮಾತ್ರ ಎದ್ದು ನಿಂತರೆ ಅವನೇ ಆರೋಪಿ. ಬೆಲ್ಟು, ಶಾಫ್ಟುಗಳ ಹತ್ತಿರ ಬಗ್ಗುವಾಗ ತೋಳು, ಕೂದಲು ಜೋಪಾನ.

ನನ್ನ ದೋಣಿಯಲ್ಲಿ ಎಲ್ಲಾ ಜೋಡಣೆಗಳು 3, 4 ಮಿಲಿವೋಲ್ಟ್ ಅಂದವು. ಮೈನಸ್ ತಂತಿಗಳೆಲ್ಲ ಸೇರುವ ತಾಮ್ರದ ಪಟ್ಟಿ, ಅಂದರೆ ಬಸ್‌ಬಾರ್‌ನ ಒಂದು ಬೋಲ್ಟ್ ಮಾತ್ರ 90 ಅಂದಿತು. ನಟ್ಟು ಬಿಗಿಯಾಗೇ ಇತ್ತು, ಸ್ಪ್ಯಾನರ್ ಹಾಕಿದರೆ ಅಲುಗಲಿಲ್ಲ. ಬಿಚ್ಚಿ ನೋಡಿದರೆ ತಾಮ್ರದ ಲಗ್ಗಿಗೂ ತಾಮ್ರದ ಪಟ್ಟಿಗೂ ಮಧ್ಯೆ ಒಂದು ಸ್ಟೇನ್‌ಲೆಸ್ ವಾಷರ್ ಕೂತಿತ್ತು, ಅಂಚು ನೀಲಿಗೆ ತಿರುಗಿತ್ತು. ಸ್ಟೇನ್‌ಲೆಸ್ ಸ್ಟೀಲ್ ಕರೆಂಟಿಗೆ ಒಡ್ಡುವ ತಡೆ ತಾಮ್ರದ ಸುಮಾರು 40 ಪಟ್ಟು. ವಾಷರ್ ಇರಬೇಕಾದ್ದು ನಟ್ಟಿನ ಕೆಳಗೆ, ಲಗ್ಗಿನ ಮೇಲೆ. ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ. ಅಷ್ಟರಲ್ಲಿ ಹೊಸ ಕಂಟ್ರೋಲರಿಗೆ ಬೆಲೆ ಕೇಳಿ ಆಗಿತ್ತು ಅನ್ನುವುದು ಬೇರೆ ಮಾತು.

ಜೋಡಣೆಗಳೆಲ್ಲ ಸರಿ ಇದ್ದರೆ ಸೆಲ್‌ಗಳ ಕಡೆ ಬನ್ನಿ. 16ರಲ್ಲಿ ಒಂದು ಸೆಲ್ 2.5 ವೋಲ್ಟ್ ಹತ್ತಿರಕ್ಕೆ ಬಿದ್ದರೆ ಸಾಕು, ಬಿಎಂಎಸ್ ಇಡೀ ಬ್ಯಾಟರಿಯನ್ನೇ ನಿಲ್ಲಿಸುತ್ತದೆ. ಆ್ಯಪ್‌ನಲ್ಲಿ ಆ ಸೆಲ್ಲಿನ ನಡತೆ ನೋಡಿ. ಹೊರೆ ಬಿದ್ದ ಕ್ಷಣ ಕುಸಿದು, ತೆಗೆದ ಕ್ಷಣ ಮೇಲೆದ್ದು, ಚಾರ್ಜ್ ಮಾಡುವಾಗ ಮಾತ್ರ ಎಲ್ಲರಿಗಿಂತ ಮೇಲೆ ಹೋಗುತ್ತಿದ್ದರೆ ಅದರ ಪಟ್ಟಿಯ ನಟ್ಟು ಸಡಿಲ ಇರಬೇಕು, ಇಲ್ಲವೇ ಆ ಸೆಲ್ಲಿನ ಒಳತಡೆ ಏರಿರಬೇಕು. ನಟ್ಟು ನೋಡುವುದು ಬಿಟ್ಟಿ, ಮೊದಲು ಅದು. ಹೊರೆಯಲ್ಲೂ ಕೆಳಗೆ, ಚಾರ್ಜಿನಲ್ಲೂ ಕೆಳಗೆ ಇದ್ದರೆ ಬರೀ ಸಮತೋಲ ತಪ್ಪಿದೆ. ಪೂರ್ತಿ ತುಂಬಿಸಿ ಚಾರ್ಜರಿಗೇ ಕೆಲವು ಗಂಟೆ ಬಿಟ್ಟರೆ ಬಿಎಂಎಸ್ ಸರಿಮಾಡಿಕೊಳ್ಳಬಹುದು. ಎಲ್ಲರಿಗಿಂತ ಮೊದಲು ತುಂಬಿ ಎಲ್ಲರಿಗಿಂತ ಮೊದಲು ಖಾಲಿಯಾದರೆ ಆ ಸೆಲ್ ಮುದಿಯಾಗಿದೆ. ಸೆಲ್ ಬದಲಿಸುವುದು ಬಲ್ಲವರ ಕೆಲಸ.

ಅರ್ಧ ಗಂಟೆ ಓಡಿದ ಮೇಲೆ ಶಕ್ತಿ ಇಳಿಯುತ್ತದೆ

ಇದು ಬಿಸಿ. ಎಷ್ಟೋ ಕಂಟ್ರೋಲರ್‌ಗಳು 85 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾವಾಗಿ ಕರೆಂಟ್ ತಗ್ಗಿಸುತ್ತವೆ. ಮೊದಲು ಎಂಜಿನ್ ಕೋಣೆಯ ಮುಚ್ಚಳ ತೆರೆದು ಓಡಿಸಿ ನೋಡಿ. ತೊಂದರೆ ಮಾಯವಾದರೆ ಗಾಳಿ ಸಾಲುತ್ತಿಲ್ಲ. ಡೀಸೆಲ್ ಎಂಜಿನ್ ಉಸಿರಾಟಕ್ಕೆ ತಾನೇ ಗಾಳಿ ಎಳೆದುಕೊಳ್ಳುತ್ತಿತ್ತು, ಕೋಣೆಯ ಗಾಳಿ ಬದಲಾಗುತ್ತಲೇ ಇತ್ತು. ಮೋಟಾರಿಗೆ ಉಸಿರಾಟ ಇಲ್ಲ. ಒಂದು ಸಣ್ಣ ಫ್ಯಾನ್ ಹಾಕಿದರೆ ಮುಗಿಯಿತು.

ಮುಗಿಯಲಿಲ್ಲ ಅಂದರೆ ಪೂರ್ತಿ ಥ್ರಾಟಲ್ ಕೊಟ್ಟು ಎರಡು ಅಂಕಿ ಬರೆದುಕೊಳ್ಳಿ, ಆಂಪ್ ಮತ್ತು ಆರ್‌ಪಿಎಂ. ಆಂಪ್ ಗರಿಷ್ಠ ಮುಟ್ಟಿ ಆರ್‌ಪಿಎಂ ಮಾತ್ರ ಹೇಳಿದ್ದಕ್ಕಿಂತ ಬಹಳ ಕಡಿಮೆ ಇದ್ದರೆ ಪ್ರೊಪೆಲ್ಲರ್ ಮೋಟಾರಿಗೆ ಭಾರವಾಗಿದೆ. ಪ್ರೊಪೆಲ್ಲರ್‌ಗೆ ಚಿಪ್ಪು ಕಟ್ಟಿರಬಹುದು. ಅದು ಶುಚಿಯಾಗಿದ್ದರೆ, ಡೀಸೆಲಿಗೆ ಅಂತ ಇದ್ದ ಪ್ರೊಪೆಲ್ಲರ್‌ಗೆ ಈಗಿನ ಬೆಲ್ಟಿನ ಅನುಪಾತ ಹೊಂದಿಲ್ಲ. ಪ್ರೊಪೆಲ್ಲರ್ ರೆಕ್ಕೆಯ ಓರೆ (ಪಿಚ್) ಇಳಿಸುವುದು ಅಥವಾ ಪುಲ್ಲಿ ಬದಲಿಸುವುದು ಎರಡರಲ್ಲಿ ಪುಲ್ಲಿ ಅಗ್ಗ, ದೋಣಿಯನ್ನು ನೀರಿಂದ ಎತ್ತಬೇಕಾಗಿಲ್ಲ. ಉಲ್ಟಾ, ಆರ್‌ಪಿಎಂ ಜಾಸ್ತಿ, ಆಂಪ್ ಕಡಿಮೆ, ದೋಣಿ ತೆವಳುತ್ತಿದೆ ಅಂದರೆ ಬೆಲ್ಟ್ ಜಾರುತ್ತಿದೆಯಾ ನೋಡಿ. ಪುಲ್ಲಿಯ ಕೆಳಗೆ ಕಪ್ಪು ಪುಡಿ ಬಿದ್ದಿರುತ್ತದೆ.

ಹೇಳಿದಷ್ಟು ದೂರ ಹೋಗುತ್ತಿಲ್ಲ

ಬಹಳ ಸಲ ಇಲ್ಲಿ ದೋಷವೇ ಇರುವುದಿಲ್ಲ, ಡೀಸೆಲ್ ಕಾಲದ ಅಭ್ಯಾಸ ಇರುತ್ತದೆ. 51.2 ವೋಲ್ಟ್, 200 ಆಂಪ್ ಅವರ್ ಬ್ಯಾಟರಿ ಅಂದರೆ ಸುಮಾರು 10 ಕಿಲೋವ್ಯಾಟ್ ಅವರ್. ಒಂದು ಲೀಟರ್ ಡೀಸೆಲ್ ಸುಟ್ಟು ಶಾಫ್ಟಿಗೆ ಸಿಗುವುದು 3ರ ಆಸುಪಾಸು. ಅಂದರೆ ನಿಮ್ಮ ಇಡೀ ಬ್ಯಾಟರಿ ಮೂರು, ಮೂರೂವರೆ ಲೀಟರ್ ಡೀಸೆಲಿಗೆ ಸಮ. ಕೇಳಿ ಬೇಜಾರಾಯಿತು, ಅಲ್ವಾ?

ಸಮಾಧಾನ ಥ್ರಾಟಲ್‌ನಲ್ಲಿದೆ. ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕ ಹಾಗೆ ಏರುತ್ತದೆ. 5 ನಾಟ್‌ನಿಂದ 4ಕ್ಕೆ ಇಳಿದರೆ ಬೇಕಾಗುವ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ, ಹೋಗುವ ದೂರ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಗಾಳಿ ಇಲ್ಲದ ದಿನ ಒಂದೇ ಜಾಗದಲ್ಲಿ ಮೂರು ನಾಲ್ಕು ವೇಗಕ್ಕೆ ಎಷ್ಟು ವ್ಯಾಟ್ ಅಂತ ಬರೆದಿಟ್ಟುಕೊಳ್ಳಿ. ಮುಂದೊಮ್ಮೆ ಅದೇ 4 ನಾಟ್‌ಗೆ ಕಾಲು ಭಾಗ ಜಾಸ್ತಿ ವ್ಯಾಟ್ ತಿಂದರೆ ದೋಣಿಯ ತಳ ಉಜ್ಜಿಸುವ ಕಾಲ ಬಂದಿದೆ.

ಶೇಕಡಾವಾರು ತೋರಿಸುವ ಮೀಟರನ್ನೂ ಕುರುಡಾಗಿ ನಂಬಬೇಡಿ. ಈ ಬ್ಯಾಟರಿಯಲ್ಲಿ ಶೇ. 80ರಿಂದ 30ರ ತನಕ ವೋಲ್ಟೇಜ್ ಬಹಳ ಕಡಿಮೆ ಅಲುಗುತ್ತದೆ, ಹಾಗಾಗಿ ಮೀಟರ್ ಹೋದ ಬಂದ ಆಂಪ್‌ಗಳನ್ನು ಎಣಿಸಿ ಹೇಳುತ್ತದೆ. ವಾರಗಟ್ಟಲೆ ಪೂರ್ತಿ ತುಂಬಿಸದಿದ್ದರೆ ಆ ಎಣಿಕೆ ತಪ್ಪುತ್ತದೆ. ಒಮ್ಮೆ ಪೂರ್ತಿ ತುಂಬಿಸಿದರೆ ಸರಿಹೋಗುತ್ತದೆ. ಯಾವುದಾದರೂ ಮೈನಸ್ ತಂತಿ ಕರೆಂಟ್ ಅಳೆಯುವ ಶಂಟ್ ದಾಟದೆ ನೇರ ಬ್ಯಾಟರಿಗೆ ಹೋಗಿದ್ದರೆ ಮೀಟರ್ ಯಾವತ್ತೂ ಸುಳ್ಳೇ ಹೇಳುತ್ತದೆ.

ಚಳಿಗೆ ಒಂದು ಮಾತು. ಸೆಲ್ 0 ಡಿಗ್ರಿಗಿಂತ ಕೆಳಗಿದ್ದಾಗ ಚಾರ್ಜ್ ಮಾಡಬಾರದು, ಒಳಗೆ ಲಿಥಿಯಂ ಲೋಹವಾಗಿ ಕೂತು ಸೆಲ್ ಹಾಳಾಗುತ್ತದೆ. ಬೆಳಿಗ್ಗೆ ಚಾರ್ಜ್ ತಗೊಳ್ಳುತ್ತಿಲ್ಲ, ಮಧ್ಯಾಹ್ನ ತಗೊಳ್ಳುತ್ತದೆ ಅಂದರೆ ಬಿಎಂಎಸ್ ತನ್ನ ಕೆಲಸ ಮಾಡುತ್ತಿದೆ.

ಹಿಂದೆ ಇಲ್ಲದ ಸದ್ದು ಬರುತ್ತಿದೆ

ಇತ್ತು, ಕೇಳುತ್ತಿರಲಿಲ್ಲ. ಶಾಫ್ಟನ್ನು ನೀರಿನಡಿ ಹಿಡಿದಿಡುವ, ಸವೆದ ಕಟ್‌ಲೆಸ್ ಬೇರಿಂಗಿನ ಟಕಟಕ, ಬೆಲ್ಟಿನ ಸಿಳ್ಳೆ, ಶಾಫ್ಟಿನ ಗುಂಯ್ ಎಲ್ಲಾ ಈಗ ಹೊರಗೆ ಬರುತ್ತವೆ. ಹೊಸ ಸದ್ದುಗಳಲ್ಲಿ ನಿಜಕ್ಕೂ ಗಮನ ಕೊಡಬೇಕಾದ್ದು ಮೂರು.

ಒಂದು, ವೇಗದ ಜೊತೆ ಏರುವ ನಡುಕ. ಶಾಫ್ಟನ್ನು ಮೋಟಾರ್ ಕಡೆಗೆ ಜೋಡಿಸುವ ಕಪ್ಲಿಂಗಿನ ಬೋಲ್ಟ್ ಬಿಚ್ಚಿ ಎರಡು ಮುಖಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನಾಲ್ಕು ಕಡೆ ಅಳೆಯಿರಿ. 100 ಮಿಲಿಮೀಟರ್ ಅಗಲದ ಕಪ್ಲಿಂಗಿಗೆ ವ್ಯತ್ಯಾಸ 0.1 ಮಿಲಿಮೀಟರ್ ದಾಟಬಾರದು. ಇದನ್ನು ದೋಣಿ ನೀರಿನಲ್ಲಿದ್ದು, ಹಾಯಿಕಂಬದ ತಂತಿಗಳು ಬಿಗಿಯಾಗಿರುವಾಗ ಮಾಡಿ. ದಡದ ಮೇಲೆ ನಿಂತ ದೋಣಿಯ ಆಕಾರವೇ ಬೇರೆ.

ಎರಡು, ಮುಂದಕ್ಕೆ ಜೋರು ಕೊಟ್ಟಾಗ ಅರೆಯುವ ಸದ್ದು, ಬೆಲ್ಟ್ ಪಕ್ಕಕ್ಕೆ ಸರಿಯುವುದು. ಪ್ರೊಪೆಲ್ಲರ್ ಇಡೀ ದೋಣಿಯನ್ನು ತಳ್ಳುವ ಬಲ ಶಾಫ್ಟಿನ ಮೂಲಕ ಎಲ್ಲೋ ಒಂದು ಕಡೆ ನಿಲ್ಲಬೇಕು. ಅದು ಗೇರ್‌ಬಾಕ್ಸ್‌ನಲ್ಲಿ ನಿಲ್ಲುತ್ತಿತ್ತು. ಈಗ ಆ ಬಲ ಹೊರುವ ಥ್ರಸ್ಟ್ ಬೇರಿಂಗ್ ಇಲ್ಲದಿದ್ದರೆ ಮೋಟಾರಿನ ಬೇರಿಂಗಿನ ಮೇಲೆ ಬೀಳುತ್ತದೆ, ಮೋಟಾರಿನ ಬೇರಿಂಗನ್ನು ಅಂಥ ಬಲಕ್ಕೆ ಮಾಡಿಲ್ಲ. ಶಾಫ್ಟಿಗೆ ಮಾರ್ಕರ್‌ನಿಂದ ಗೆರೆ ಹಾಕಿ, ಮುಂದೆ ಹಿಂದೆ ಕೊಟ್ಟಾಗ ಗೆರೆ ಜರುಗುತ್ತದೆಯಾ ನೋಡಿ. ಕಣ್ಣಿಗೆ ಕಾಣುವಷ್ಟು ಜರುಗಿದರೆ ಅವತ್ತಿನ ಓಡಾಟ ನಿಲ್ಲಿಸಿ.

ಮೂರು, ಶಾಫ್ಟ್ ಸೀಲಿನ ಕಿರುಚು. ಕೆಲವು ಸೀಲುಗಳಿಗೆ ಎಂಜಿನ್ನಿನ ತಂಪುನೀರಿನ ಕೊಳವೆಯಿಂದ ಒಂದು ಕವಲು ಬರುತ್ತಿತ್ತು. ಎಂಜಿನ್ ಹೋಯಿತು, ಪಂಪ್ ಹೋಯಿತು, ನೀರೂ ಹೋಯಿತು. ಒಣ ಸೀಲ್ ಬಿಸಿಯಾಗಿ ಕೈಕೊಟ್ಟರೆ ನೀರು ಒಳಗೇ ಬರುವುದು. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಹಾಯಿ ಏರಿಸಿ ದಡಕ್ಕೆ ಬನ್ನಿ. ಹಳೇ ಥರದ ಹನಿ ಸೀಲಾದರೆ ಓಡುವಾಗ ನಿಮಿಷಕ್ಕೆ ಕೆಲವು ಹನಿ ಬೀಳಲೇಬೇಕು. ಒಂದೂ ಬೀಳದ ಹಾಗೆ ಬಿಗಿದರೆ ಶಾಫ್ಟ್ ಸವೆಯುತ್ತದೆ, ಬ್ಯಾಟರಿಯೂ ಸುಮ್ನೆ ಖರ್ಚಾಗುತ್ತದೆ.

ದೀಪ, ರೇಡಿಯೋ ಮಂಕಾಗುತ್ತಿವೆ

12 ವೋಲ್ಟ್ ಬ್ಯಾಟರಿ ತುಂಬಿಸುತ್ತಿದ್ದ ಆಲ್ಟರ್ನೇಟರ್ ಎಂಜಿನ್ ಜೊತೆ ಹೋಯಿತು. ಅಷ್ಟೇ. 48ರಿಂದ 12 ವೋಲ್ಟ್‌ಗೆ ಇಳಿಸುವ ಡಿಸಿ ಕನ್ವರ್ಟರ್ ಇಲ್ಲದಿದ್ದರೆ ಹಾಕಿಸಿ. ಇದ್ದರೆ ಅದರ ಫ್ಯೂಸ್ ನೋಡಿ.

ಮೋಟಾರ್ ಓಡುವಾಗ ದಿಕ್ಸೂಚಿ ದಾರಿ ತಪ್ಪುತ್ತದೆ

ಆಟೊಪೈಲಟ್ ಕುಡಿದವರ ಹಾಗೆ ತೂರಾಡಿದರೆ ಅದನ್ನು ಬೈಯುವ ಮುಂಚೆ ತಂತಿ ನೋಡಿ. ಒಂಟಿ ತಂತಿಯಲ್ಲಿ 100 ಆಂಪ್ ಹರಿದರೆ ಒಂದು ಮೀಟರ್ ದೂರದಲ್ಲಿ 20 ಮೈಕ್ರೋಟೆಸ್ಲಾ ಕಾಂತಕ್ಷೇತ್ರ ಇರುತ್ತದೆ. ಭೂಮಿಯದ್ದೇ ಇರುವುದು 25ರಿಂದ 65. ಪಾಪ ದಿಕ್ಸೂಚಿ ಏನು ಮಾಡೀತು? ಪ್ಲಸ್ ಎಡಗೋಡೆಗೆ, ಮೈನಸ್ ಬಲಗೋಡೆಗೆ ಹೋಗಿದ್ದರೆ ಎರಡನ್ನೂ ಒಟ್ಟಿಗೆ ತಂದು ಜೊತೆಯಾಗಿ ಕಟ್ಟಿ, ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ. ರೇಡಿಯೋದಲ್ಲಿ ಬರುವ ಸರ್ ಸದ್ದೂ ಇದರಿಂದ ಎಷ್ಟೋ ಸಲ ಕಡಿಮೆಯಾಗುತ್ತದೆ.

ಹಾಯಿಯಲ್ಲಿ ಓಡುವಾಗ ಓವರ್‌ವೋಲ್ಟೇಜ್ ಎಚ್ಚರಿಕೆ

ಪ್ರೊಪೆಲ್ಲರ್ ತಿರುಗಿ ಚಾರ್ಜ್ ಮಾಡುತ್ತಿದೆ, ಬ್ಯಾಟರಿಯಲ್ಲಿ ಜಾಗ ಇಲ್ಲ. ಆ ಹೊತ್ತಿಗೆ ಬಿಎಂಎಸ್ ಬಾಗಿಲು ಮುಚ್ಚಿದರೆ ಬರುತ್ತಿರುವ ಕರೆಂಟಿಗೆ ಹೋಗಲು ದಾರಿ ಇಲ್ಲದೆ ಕಂಟ್ರೋಲರ್ ಮೇಲೆ ವೋಲ್ಟೇಜ್ ಜಿಗಿಯುತ್ತದೆ. ಕಂಟ್ರೋಲರ್ ಸಾಯುವುದು ಹೀಗೂ ಉಂಟು. ಬ್ಯಾಟರಿ ತುಂಬಿರುವಾಗ ಈ ಚಾರ್ಜಿಂಗ್ (ರೀಜನ್) ಆಫ್ ಮಾಡಿಡಿ.

ಸತುವಿನ ತುಂಡು ಕೆಲವೇ ವಾರಕ್ಕೆ ಕರಗುತ್ತಿದೆ

ಶಾಫ್ಟಿನ ಬದಲು ತಾನು ಕರಗಲಿ ಅಂತ ನೀರಿನಡಿ ಕಟ್ಟಿದ ಈ ತುಂಡು ವರ್ಷ ಬಾಳುತ್ತಿದ್ದದ್ದು ತಿಂಗಳಿಗೆ ಮುಗಿದರೆ ಎಲ್ಲೋ ಕರೆಂಟ್ ಸೋರಿ ಶಾಫ್ಟಿಗೆ ಬರುತ್ತಿರಬಹುದು. ದಡದ ಕರೆಂಟಿಗೆ ಪ್ಲಗ್ ಹಾಕಿದ ದಿನಗಳಲ್ಲಿ ಮಾತ್ರ ಹೀಗಾಗುತ್ತಿದ್ದರೆ ಪಕ್ಕದ ದೋಣಿಗಳ ಜೊತೆ ಅರ್ತ್ ತಂತಿಯ ಮೂಲಕ ಸಂಬಂಧ ಬೆಳೆದಿದೆ. ಆ ದಾರಿಯಲ್ಲಿ ಹರಿಯುವ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರ್ ಬೇಕು.

ಪ್ಲಗ್ ಇಲ್ಲದೆಯೂ ಕರಗುತ್ತಿದ್ದರೆ ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಪ್ಲಸ್‌ನಿಂದ ಮೋಟಾರಿನ ಕವಚಕ್ಕೆ, ಆಮೇಲೆ ಮೈನಸ್‌ನಿಂದ ಕವಚಕ್ಕೆ ಅಳೆಯಿರಿ. ಪ್ಲಸ್, ಮೈನಸ್ ಎರಡೂ ಕವಚದಿಂದ ಬೇರೆಯಾಗಿರುವ ಒಳ್ಳೇ ವ್ಯವಸ್ಥೆಯಲ್ಲಿ ಅಂಕಿ ತೇಲಾಡಿ ಸೊನ್ನೆಯ ಕಡೆ ಜಾರುತ್ತದೆ. ಪ್ಲಸ್‌ನಿಂದ 50 ವೋಲ್ಟ್ ಹತ್ತಿರ ಗಟ್ಟಿಯಾಗಿ ನಿಂತರೆ ಮೈನಸ್ ಕಡೆ ಸೋರಿಕೆ ಇದೆ. ಮೈನಸ್‌ನಿಂದ ನಿಂತರೆ ಪ್ಲಸ್ ಕಡೆ. ನಿಮ್ಮ ವ್ಯವಸ್ಥೆಯಲ್ಲಿ ಮೈನಸ್ಸನ್ನು ಬೇಕೆಂದೇ ಅರ್ತ್ ತಂತಿಗೆ ಜೋಡಿಸಿದ್ದಾರಾ ಅಂತ ಕೈಪಿಡಿ ನೋಡಿಕೊಳ್ಳಿ, ಆಗ ಈ ಓದು ಬೇರೆ. ಸೋರಿಕೆ ಇದ್ದರೆ ಒಂದೊಂದೇ ತಂತಿ ಬಿಚ್ಚುತ್ತಾ ಹೋಗಿ, ಯಾವುದು ಬಿಚ್ಚಿದಾಗ ಅಂಕಿ ಬೀಳುತ್ತದೋ ಅಲ್ಲಿ ಉಪ್ಪುನೀರು, ಸವೆದ ಹೊದಿಕೆ ಅಥವಾ ಬ್ರಷ್ ಇರುವ ಮೋಟಾರಾದರೆ ಕಾರ್ಬನ್ ಪುಡಿ ಸಿಗುತ್ತದೆ.

ಸೋರಿಕೆ ಮೋಟಾರಿನ ಒಳಗೇ ಇದ್ದರೆ, ಅಥವಾ ದಡದ ಚಾರ್ಜರ್ ಹಾಕಿದ ಕೂಡಲೇ ದಡದ ಬ್ರೇಕರ್ ಬೀಳುತ್ತಿದ್ದರೆ, ಕೈ ತೊಳೆದುಕೊಂಡು ದೋಣಿ ವಿದ್ಯುತ್ ಬಲ್ಲವರನ್ನು ಕರೆಯಿರಿ. ಚಿಕ್ಕ ದೋಣಿಗಳ ವಿದ್ಯುತ್ ಚಾಲನೆಗೆ ಐಎಸ್‌ಒ 16315 ಅನ್ನುವ ಮಾನದಂಡ ಇದೆ. ಬಂದವರಿಗೆ ಅದರ ಪರಿಚಯ ಇದೆಯಾ ಅಂತ ಕೇಳಿ. ಅಳೆದು ಬರೆದಿಟ್ಟ ಚೀಟಿ ಕೈಗೆ ಕೊಡಿ, ಅವರ ಅರ್ಧ ದಿನ ಉಳಿಯುತ್ತದೆ.